ಸಂಗೀತ ನಾಟಕದ ಪರಂಪರೆ ಮತ್ತು ನಮ್ಮ ತರುಣರು

ಶ್ರೀಮಠದ ಗ್ರಂಥಭಂಡಾರವನ್ನು ಹೊಸ ಕೊಠಡಿಗೆ ಸಾಗಿಸುವಾಗ ತಗಡಿನ ಹಳೆಯ ಪೆಟ್ಟಿಗೆಯೊಂದು ಕಣ್ಣಿಗೆ ಬಿದ್ದಿತು. ತೆರೆದು ನೋಡಿದರೆ ಅದರ ತುಂಬ ಕಂಪನಿ ನಾಟಕಗಳ ಪುಸ್ತಕಗಳು. ಕೆಲವಕ್ಕೆ ರಟ್ಟಿಲ್ಲ, ಕೆಲವಕ್ಕೆ ಗೆದ್ದಲು ಹತ್ತಿದೆ. ಅವುಗಳನ್ನು ಬಿಸಿಲಿಗೆ ಹರವುತ್ತಿದ್ದ ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನು ಒಂದು ಪುಟವನ್ನು ತೋರಿಸಿ, "ಅಜ್ಜಾರ, ಹಾಡಿನ ಮ್ಯಾಲೆ ಮಟ್ಟು ಅಂತ ಬರದಾರಲ್ರೀ, ಹಂಗಂದ್ರ ಏನ್ರಿ?" ಎಂದು ಕೇಳಿದನು. ಹೊಸ ಹಾಡನ್ನು ಯಾವ ಹಳೆಯ ಹಾಡಿನ ಧಾಟಿಯಲ್ಲಿ ಹಾಡಬೇಕೆಂಬುದನ್ನು ತಿಳಿಸುವ ಸೂಚನೆಯೇ ಮಟ್ಟು ಎಂದು ಹೇಳಿದೆವು. "ಹಂಗಾರ ಆ ಹಳೇ ಹಾಡು ಹ್ಯಾಂಗೈತ್ರಿ?" ಎಂದು ಅವನು ಮತ್ತೆ ಕೇಳಿದನು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಬಾಲಕನ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ಕನ್ನಡ ಸಂಗೀತ ನಾಟಕದ ಸಾಹಿತ್ಯವು ಪುಸ್ತಕಗಳಲ್ಲಿ ಅಲ್ಪಸ್ವಲ್ಪವಾದರೂ ಉಳಿದಿದೆ. ಆದರೆ ಅದರ ಪ್ರಾಣವಾದ ಸಂಗೀತವು ಹಾಡಿದವರ ಕಂಠದಲ್ಲಿ, ಪೇಟಿ ನುಡಿಸಿದವರ ಬೆರಳುಗಳಲ್ಲಿ ಮಾತ್ರ ಇದ್ದಿತು. ಅವರೊಡನೆ ಅದೂ ಮರೆಯಾಗುತ್ತಿದೆ. ಇಂದಿನ ತರುಣರಿಗೆ ಈ ಪರಂಪರೆಯ ಇತಿಹಾಸವನ್ನೂ ಅದರ ಕಸುಬನ್ನೂ ಪರಿಚಯಿಸಬೇಕಾದ ಹೊಣೆ ಹಿರಿಯರಾದ ನಮ್ಮೆಲ್ಲರ ಮೇಲಿದೆ.

ನಾಟಕ ಮತ್ತು ಸಂಗೀತಗಳ ಸಂಬಂಧವು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಋಗ್ವೇದದಿಂದ ಪಾಠ್ಯವನ್ನೂ ಸಾಮವೇದದಿಂದ ಗೀತವನ್ನೂ ಯಜುರ್ವೇದದಿಂದ ಅಭಿನಯವನ್ನೂ ಅಥರ್ವವೇದದಿಂದ ರಸವನ್ನೂ ಆಯ್ದುಕೊಂಡು ಬ್ರಹ್ಮನು ನಾಟ್ಯವನ್ನು ನಿರ್ಮಿಸಿದನೆಂದು ಭರತನ ನಾಟ್ಯಶಾಸ್ತ್ರವು ಹೇಳುತ್ತದೆ. ಕಥೆಯೆಂದು ಭಾವಿಸಿದರೂ ಇದರ ತಾತ್ಪರ್ಯ ಸ್ಪಷ್ಟವಾಗಿದೆ. ಗೀತವು ನಾಟ್ಯಕ್ಕೆ ಹೊರಗಿನಿಂದ ತೊಡಿಸಿದ ಆಭರಣವಲ್ಲ; ಅದರ ನಾಲ್ಕು ಅಂಗಗಳಲ್ಲಿ ಒಂದು. ನಮ್ಮ ಜನಪದರಿಗೆ ಶಾಸ್ತ್ರದ ಹಂಗಿಲ್ಲದೆಯೇ ಈ ಮಾತು ತಿಳಿದಿತ್ತು. ಕರಾವಳಿಯ ಯಕ್ಷಗಾನದಲ್ಲಿ ಭಾಗವತನ ಪದವೇ ಆಟವನ್ನು ನಡೆಸುತ್ತದೆ. ಬಯಲುಸೀಮೆಯ ದೊಡ್ಡಾಟ ಸಣ್ಣಾಟಗಳಲ್ಲಿಯೂ ಹಿಮ್ಮೇಳವಿಲ್ಲದೆ ಕಥೆ ಮುಂದೆ ಸಾಗದು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದು ಬಂದ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಾಗುವವರೆಗೆ ಕುಳಿತು ಕೇಳಿದ ಹಿರಿಯರು ಇಂದಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ.

ಈ ಬಯಲಿನ ಆಟವು ಪರದೆಯ ಹಿಂದಿನ ನಾಟಕವಾದ ಬಗೆ ಸ್ವಾರಸ್ಯಕರವಾಗಿದೆ. ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿ ಸಂಸ್ಥಾನಕ್ಕೆ ಹೋಗಿ ಆಟವಾಡಿತು. ಅದನ್ನು ಮೆಚ್ಚಿದ ಅಲ್ಲಿಯ ಅರಸರು ಅಂಥದೇ ಆಟವನ್ನು ಮರಾಠಿಯಲ್ಲಿ ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. ಅದರ ಫಲವಾಗಿ ೧೮೪೩ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂದಿತು. ಮುಂದೆ ೧೮೮೦ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಭದ್ರವಾದ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹೀಗೆ ಕನ್ನಡ ನೆಲದಿಂದ ಹೋದ ಬೀಜವು ಮರಾಠಿಯಲ್ಲಿ ಹೆಮ್ಮರವಾಗಿ, ಮರಳಿ ಕನ್ನಡಿಗರಿಗೇ ನೆರಳು ನೀಡಿತು.

ಆದರೆ ಆ ನೆರಳಿನಲ್ಲಿ ಒಂದು ಕಷ್ಟವೂ ಇದ್ದಿತು. ಮುಂಬಯಿ ಕರ್ನಾಟಕದ ಪಟ್ಟಣಗಳಲ್ಲಿ ಮರಾಠಿ ನಾಟಕಗಳೇ ತುಂಬಿ, ಕನ್ನಡದಲ್ಲಿ ನಾಟಕ ಸಾಧ್ಯವೇ ಎಂದು ಕನ್ನಡಿಗರೇ ಕೇಳುವ ಕಾಲ ಬಂದಿತು. ಆ ಪ್ರಶ್ನೆಗೆ ಗದುಗಿನಲ್ಲಿ ಉತ್ತರ ಹುಟ್ಟಿತು. ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ೧೮೭೦ರ ದಶಕದಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ 'ಉಷಾಹರಣ'ವೇ ಮೊದಲಾದ ನಾಟಕಗಳನ್ನು ಬರೆದು ಆಡಿಸಿದರು. ಅವರಲ್ಲಿ ಧನವಿರಲಿಲ್ಲ, ನುಡಿಯ ಅಭಿಮಾನವಿತ್ತು. ಇತ್ತ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಏರ್ಪಟ್ಟಿತು. 'ಅಭಿನವ ಕಾಳಿದಾಸ'ರೆಂದು ಕೀರ್ತಿ ಪಡೆದ ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಕ್ಕೆ ತಂದರು. ಉತ್ತರದಲ್ಲಿ ಜನಾಭಿಮಾನ, ದಕ್ಷಿಣದಲ್ಲಿ ರಾಜಾಶ್ರಯ: ಈ ಎರಡು ಕಾಲುವೆಗಳಲ್ಲಿ ಹರಿದು ಬಂದ ನೀರೇ ಮುಂದೆ ಕನ್ನಡ ವೃತ್ತಿ ರಂಗಭೂಮಿ ಎಂಬ ಕೆರೆಯನ್ನು ತುಂಬಿಸಿತು.

೧೮೮೪ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಊರವರೇ ಸೇರಿ ಕಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಈ ಪರಂಪರೆಯ ಕಿರೀಟವಾಯಿತು. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು ಅದರ ಒಡೆಯರಾಗಿ ಬೆಳೆದರು. ಆನೆ ಕುದುರೆಗಳನ್ನು ರಂಗಕ್ಕೆ ತಂದ ಅವರ 'ಕುರುಕ್ಷೇತ್ರ'ದ ವೈಭವವನ್ನು ಜನರು ಬಹುಕಾಲ ಕೊಂಡಾಡಿದರು. ಉತ್ತರದಲ್ಲಿ ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಕಂಪನಿಗಳನ್ನು ನಡೆಸಿದರು. ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದಲ್ಲಿ 'ಜಗಜ್ಯೋತಿ ಬಸವೇಶ್ವರ'ನಾಗಿ ರಂಗಕ್ಕೆ ಬಂದಾಗ ಪ್ರೇಕ್ಷಕರು ಎದ್ದು ಕೈಮುಗಿಯುತ್ತಿದ್ದರೆಂಬುದನ್ನು ಕಂಡವರ ಬಾಯಿಂದಲೇ ನಾವು ಕೇಳಿದ್ದೇವೆ. ನೂರು ವರ್ಷಗಳನ್ನು ದಾಟಿ ಬಾಳಿದ ಆ ಹಿರಿಯರು ೨೦೧೭ರಲ್ಲಿ ನಮ್ಮನ್ನಗಲಿದರು.

ಇನ್ನು ಈ ನಾಟಕದ ಕಸುಬನ್ನು ತುಸು ನೋಡೋಣ. ಮೂರನೆಯ ಗಂಟೆಯಾಗುತ್ತಲೇ ಒಳಗಿನಿಂದ ಕಾಲುಪೇಟಿಯ ಸ್ವರ ಹೊರಡುವುದು. ಪಾತ್ರಧಾರಿಗಳೆಲ್ಲರೂ ಕೂಡಿ ನಾಂದಿಯನ್ನು ಹಾಡುವರು. ನಾಂದಿಯು ದೇವತಾಸ್ತುತಿ ಮಾತ್ರವಲ್ಲ, ಕಲಾವಿದರಿಗೆ ಶ್ರುತಿಶುದ್ಧಿಯ ಪರೀಕ್ಷೆಯೂ ಹೌದು. ರಾಜನ ಪಾತ್ರದವನೂ ದೀಪ ಹಿಡಿಯುವ ಸೇವಕನ ಪಾತ್ರದವನೂ ಒಂದೇ ಶ್ರುತಿಗೆ ಕಂಠವನ್ನು ಸೇರಿಸಬೇಕು. ಆಮೇಲೆ ಕಂದ, ವೃತ್ತ, ಪದಗಳು. ಮಾತಿನಿಂದ ಕಥೆ ನಡೆಯುತ್ತಿರುವಾಗ ಭಾವವು ಮಾತಿಗೆ ಮೀರಿ ಉಕ್ಕಿದರೆ ಅಲ್ಲಿ ಹಾಡು ಹುಟ್ಟುವುದು. ಮಗನನ್ನು ಕಳೆದುಕೊಂಡ ಚಂದ್ರಮತಿಯ ದುಃಖವನ್ನು ಮಾತು ಎಷ್ಟು ಹೊತ್ತು ಹೊತ್ತೀತು? ಮಾತು ಸೋತಲ್ಲಿ ರಾಗವು ಹೆಗಲು ಕೊಡುತ್ತದೆ. ಆದುದರಿಂದ ಒಳ್ಳೆಯ ನಾಟಕಕಾರನು ಹಾಡನ್ನು ಮನಬಂದಲ್ಲಿ ಇಡಲಾರನು. ಆ ಹಾಡನ್ನು ತೆಗೆದರೆ ದೃಶ್ಯವು ಕುಂಟುವುದೋ ಇಲ್ಲವೋ ಎಂಬುದೇ ಅದರ ಒರೆಗಲ್ಲು.

ರಂಗಗೀತೆಯನ್ನು ಹಾಡುವ ರೀತಿಯೂ ಕಛೇರಿಯ ರೀತಿಗಿಂತ ಭಿನ್ನವಾದುದು. ಕಛೇರಿಯಲ್ಲಿ ಗಾಯಕನು ರಾಗವನ್ನು ಬೇಕಾದಷ್ಟು ಹೊತ್ತು ಬೆಳೆಸಬಹುದು. ರಂಗದ ಮೇಲೆ ಹಾಡುವವನು ಗಾಯಕನಲ್ಲ, ಪಾತ್ರ. ಕೆಲವೇ ನಿಮಿಷಗಳಲ್ಲಿ ರಾಗದ ಚಹರೆಯನ್ನು ತೋರಿಸಬೇಕು. ಸಾಹಿತ್ಯದ ಒಂದು ಅಕ್ಷರವೂ ಮಸುಕಾಗಬಾರದು. ಹಾಡು ಮುಗಿದೊಡನೆ ಅದೇ ಭಾವದಲ್ಲಿ ಮಾತಿಗೆ ಇಳಿಯಬೇಕು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಅದು ಮುಟ್ಟಬೇಕಾಗಿತ್ತು. ಪೇಟಿ ಮಾಸ್ತರನು ನಟನ ಉಸಿರನ್ನು ಬಲ್ಲವನಾಗಿರಬೇಕು. ನಟನು ಮಾತು ಮರೆತರೆ ಸ್ವರವನ್ನು ಹಿಡಿದು ನಿಲ್ಲಿಸಿ ಅವನನ್ನು ಕಾಯುವವನು ಅವನೇ. ಪರದೆಗಳಿಗೂ ಒಂದು ಲೆಕ್ಕವಿತ್ತು. ಹಿಂದೆ ದರ್ಬಾರನ್ನು ಅಣಿಗೊಳಿಸುವ ಹೊತ್ತಿನಲ್ಲಿ ಮುಂದೆ ಬೀದಿಯ ಪರದೆಯನ್ನು ಇಳಿಬಿಟ್ಟು ಹಾಸ್ಯದ ಪ್ರವೇಶವನ್ನು ನಡೆಸುತ್ತಿದ್ದರು. ಜನ ನಗುತ್ತಿರುವಾಗ ಪರದೆಯ ಹಿಂದೆ ಸಿಂಹಾಸನ ಸಿದ್ಧವಾಗುತ್ತಿತ್ತು.

ಇಷ್ಟೆಲ್ಲ ವಿದ್ಯೆಯನ್ನು ಕಲಿಸಿದ ಶಾಲೆ ಯಾವುದು? ಕಂಪನಿಯೇ ಶಾಲೆ. ಧಾರವಾಡದ ಬಳಿಯ ಮನ್ಸೂರಿನ ಬಾಲಕ ಮಲ್ಲಿಕಾರ್ಜುನನು ಅಣ್ಣನ ಬೆನ್ನುಹತ್ತಿ ವಾಮನರಾವ್ ಮಾಸ್ತರರ ಕಂಪನಿಯನ್ನು ಸೇರಿದನು. ರಂಗದ ಮೇಲೆ ಅವನ ಹಾಡನ್ನು ಕೇಳಿದ ಮಿರಜಿನ ನೀಲಕಂಠಬುವಾ ಆಲೂರಮಠ ಅವರು ಶಿಷ್ಯನನ್ನಾಗಿ ಸ್ವೀಕರಿಸಿದರು. ಆ ಬಾಲಕನೇ ಮುಂದೆ ಪಂಡಿತ ಮಲ್ಲಿಕಾರ್ಜುನ ಮನ್ಸೂರರಾಗಿ ದೇಶವೇ ತಲೆಬಾಗುವಂತೆ ಹಾಡಿದರು. ಯಲಿವಾಳದ ಬಸವರಾಜ ರಾಜಗುರುಗಳೂ ಎಳವೆಯಲ್ಲಿ ಅದೇ ಮಾಸ್ತರರ ಕಂಪನಿಯಲ್ಲಿ ಹಾಡಿದವರು. ಕರಾವಳಿಯ ಕಡೆಯಿಂದ ಮನೆಬಿಟ್ಟು ಬಂದು ಗುಬ್ಬಿ ಕಂಪನಿಯನ್ನು ಸೇರಿದ ಹುಡುಗನೊಬ್ಬನನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಅವರೇ ಬಿ.ವಿ. ಕಾರಂತರು. ಕನ್ನಡದ ಹವ್ಯಾಸಿ ರಂಗಭೂಮಿಯು ಕೈಬಿಟ್ಟಿದ್ದ ಹಾಡನ್ನು ೧೯೭೦ರ ದಶಕದಲ್ಲಿ ಮತ್ತೆ ಹೊಸ ನಾಟಕದೊಳಕ್ಕೆ ಕರೆತಂದ ಕೀರ್ತಿ ಬಹುಮಟ್ಟಿಗೆ ಅವರಿಗೆ ಸಲ್ಲುತ್ತದೆ.

ಹಾಗೆಂದು ಕಂಪನಿಯ ಬದುಕೆಲ್ಲವೂ ಬಂಗಾರವಾಗಿತ್ತೆಂದು ಹೇಳಿದರೆ ತರುಣರಿಗೆ ಮೋಸ ಮಾಡಿದಂತಾಗುತ್ತದೆ. ಮಳೆ ಹಿಡಿದರೆ ಕಲಾವಿದರಿಗೆ ಅರೆಹೊಟ್ಟೆ. ಸಾಲಕ್ಕೆ ಪರದೆಗಳನ್ನು ಒತ್ತೆಯಿಟ್ಟು ಕಣ್ಣೀರಿಟ್ಟ ಒಡೆಯರಿದ್ದರು. ಅಕ್ಷರವಿಲ್ಲದೆ ಬೆಳೆದ ಮಕ್ಕಳಿದ್ದರು. ದುಶ್ಚಟಗಳಿಗೆ ಬಲಿಯಾದ ಪ್ರತಿಭಾವಂತರಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ರಂಗಕ್ಕೆ ಬಂದ ಹೆಣ್ಣುಮಕ್ಕಳಿಗೆ ಸಮಾಜವು ಚಪ್ಪಾಳೆಯನ್ನು ಕೊಟ್ಟಿತೇ ಹೊರತು ಮರ್ಯಾದೆಯನ್ನು ಕೊಡಲಿಲ್ಲ. ಅಂಥ ಕಾಲದಲ್ಲಿಯೂ ಆರ್. ನಾಗರತ್ನಮ್ಮನವರು ೧೯೫೮ರಲ್ಲಿ ಸ್ತ್ರೀಯರದೇ ಆದ ನಾಟಕ ಮಂಡಳಿಯನ್ನು ಕಟ್ಟಿ, ಕಂಸ ರಾವಣಾದಿ ಪಾತ್ರಗಳನ್ನು ತಾವೇ ನಿರ್ವಹಿಸಿದರು. ಈ ಕಷ್ಟಗಳನ್ನು ಕಂಡೇ ನಮ್ಮ ಅನೇಕ ಹಿರಿಯರು, ಮಠದ ಹಿರಿಯರೂ ಸಹ, ಮಕ್ಕಳನ್ನು ನಾಟಕದಿಂದ ದೂರವಿಟ್ಟರು. ಅವರ ಆತಂಕವು ನಿರಾಧಾರವಾಗಿರಲಿಲ್ಲ.

ಆದರೆ ಆ ಆತಂಕಕ್ಕೆ ಗದುಗಿನಲ್ಲಿಯೇ ಇನ್ನೊಂದು ಉತ್ತರವೂ ದೊರೆಯಿತು. ಹಾನಗಲ್ಲ ಕುಮಾರ ಶಿವಯೋಗಿಗಳು ಅಂಧ ಬಾಲಕನೊಬ್ಬನ ಕಂಠದಲ್ಲಿದ್ದ ನಾದವನ್ನು ಗುರುತಿಸಿ ಸಂಗೀತ ವಿದ್ಯೆಯನ್ನು ಕೊಡಿಸಿದರು. ಅವರೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಮನ್ಸೂರರಿಗೆ ಪಾಠ ಹೇಳಿದ ನೀಲಕಂಠಬುವಾ ಅವರೇ ಇವರಿಗೂ ಹಿಂದೂಸ್ತಾನಿ ಸಂಗೀತದ ಗುರುಗಳು. ಊರೂರು ಸಂಚರಿಸುತ್ತ ಪಾಠಶಾಲೆಯನ್ನು ನಡೆಸಿದ ಗವಾಯಿಗಳ ಸುತ್ತ ಅಂಧರು, ಅನಾಥರು, ಬಡವರ ಮಕ್ಕಳು ನೆರೆದರು. ಅವರೆಲ್ಲರಿಗೆ ಅನ್ನವಿಡುವುದು ಹೇಗೆ? ಜೋಳಿಗೆಯೊಂದೇ ಸಾಲದೆ ಹೋದಾಗ ನಾಟಕವು ನೆರವಿಗೆ ಬಂದಿತು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಶಿಷ್ಯರಾದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತು, ಶರಣರ ಹಾಗೂ ಸಂತರ ಚರಿತ್ರೆಗಳನ್ನು ತಾವೇ ನಾಟಕಗಳಾಗಿ ರಚಿಸಿ, ಆಶ್ರಮದ ನಾಟ್ಯ ಸಂಘವನ್ನು ಬೆಳೆಸಿದರು. ಕಣ್ಣಿಲ್ಲದ ಗುರುಗಳು ನಾಟಕವನ್ನು ಬರೆದು, ರಾಗ ಸಂಯೋಜಿಸಿ, ಕಲಿಸಿ ಆಡಿಸಿದರು. ಬಂದ ಹಣದಿಂದ ಆಶ್ರಮದ ಮಕ್ಕಳು ಉಂಡರು, ಕಲಿತರು. ಪುಟ್ಟರಾಜರು ೨೦೧೦ರಲ್ಲಿ ಲಿಂಗೈಕ್ಯರಾದರು. ನಾಟಕವು ಮಕ್ಕಳನ್ನು ಕೆಡಿಸುವುದೋ ಉಳಿಸುವುದೋ ಎಂಬುದು ನಾಟಕವನ್ನು ಅವಲಂಬಿಸಿಲ್ಲ, ಅದನ್ನು ನಡೆಸುವವರ ನಡತೆಯನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಂಥ ಪರಂಪರೆ ಕ್ಷೀಣಿಸಿದ್ದೇಕೆ? ೧೯೩೪ರಲ್ಲಿ 'ಸತಿ ಸುಲೋಚನ' ಮಾತನಾಡುವ ಚಿತ್ರವಾಗಿ ತೆರೆಗೆ ಬಂದಾಗ ಅದರಲ್ಲಿ ಹಾಡಿ ಅಭಿನಯಿಸಿದವರು ರಂಗದಿಂದಲೇ ಹೋದವರು. ೧೯೫೪ರ 'ಬೇಡರ ಕಣ್ಣಪ್ಪ'ವೂ ಗುಬ್ಬಿ ಕಂಪನಿಯ ಬಳಗದಿಂದಲೇ ಮೂಡಿದ ಚಿತ್ರ. ಮಗುವು ತಾಯಿಯ ಹಾಲನ್ನೇ ಕುಡಿದು ಬೆಳೆಯಿತು, ತಾಯಿ ಸೊರಗಿದಳು. ಅತ್ತ ಕೈಲಾಸಂ ಶ್ರೀರಂಗರ ಕಾಲದಿಂದ ವಿದ್ಯಾವಂತರ ನಾಟಕವು ಗದ್ಯವನ್ನೇ ನೆಚ್ಚಿ, ಹಾಡನ್ನು ಹಳೆಯ ಕಾಲದ ಚಾಳಿಯೆಂದು ಬದಿಗೆ ಸರಿಸಿತು. ಹೀಗೆ ಜನರನ್ನು ಚಿತ್ರಮಂದಿರ ಸೆಳೆದುಕೊಂಡಿತು, ಪಂಡಿತರು ತಾವಾಗಿಯೇ ದೂರ ಸರಿದರು. ನಡುವೆ ಉಳಿದ ಪೇಟಿ ಮಾಸ್ತರರು ಹಳ್ಳಿಯ ಭಜನಾಮೇಳಗಳನ್ನು ಸೇರಿ ಮುಪ್ಪಾದರು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಹದಿಮೂರರ ಮರಿಯಾಗಿ ಮಠದಲ್ಲಿ ಓದುತ್ತಿದ್ದಾಗ ಜಾತ್ರೆಗೆ ಬಂದ ಕಂಪನಿಯ ನಾಟಕವನ್ನು ಕದ್ದು ನೋಡಿ ಬಂದೆವು. ಮರುದಿನ ಹಿರಿಯ ಗುರುಗಳು ಕರೆಸಿದರು. ಪೆಟ್ಟು ಬೀಳುವುದೆಂದು ನಡುಗುತ್ತ ನಿಂತೆವು. ಅವರು ಕೇಳಿದ್ದು ಬೇರೆಯೇ: "ಏನಪಾ ಮರಿ, ರಾತ್ರೆಲ್ಲಾ ಕುಂತು ಬಂದಿ. ಯಾವ ಹಾಡು ಛಲೋ ಇತ್ತು? ಒಂದ ನುಡಿ ಹೇಳು ನೋಡೋಣು." ನಮಗೆ ಒಂದು ನುಡಿಯೂ ಬರಲಿಲ್ಲ. ನೆನಪಿನಲ್ಲಿದ್ದುದು ಪರದೆಯ ಬಣ್ಣ, ಕತ್ತಿಯ ಹೊಳಪು ಅಷ್ಟೆ. "ನೋಡಿ ಬಂದಿ, ಕೇಳಿ ಬರಲಿಲ್ಲ" ಎಂದು ಹೇಳಿ ಗುರುಗಳು ಪೂಜೆಗೆ ಎದ್ದು ಹೋದರು. ಆ ನಾಟಕಕ್ಕೆ ಪೇಟಿ ನುಡಿಸಿದ ಮಾಸ್ತರರು ನಮ್ಮ ಪಕ್ಕದ ಹಳ್ಳಿಯವರೇ. ಮುಂದೆ ನಾವು ವಿಶ್ವವಿದ್ಯಾಲಯದ ಪದವಿಯನ್ನೂ ಪಡೆದೆವು, ಮಠದ ಹೊಣೆಯನ್ನೂ ಹೊತ್ತೆವು. ಅವರು ಆಗಾಗ ದರ್ಶನಕ್ಕೆ ಬಂದು, "ಬುದ್ಧಿ, ನಾಕು ಹುಡುಗರನ್ನ ಕೊಡ್ರಿ, ನನ್ನ ಎದಿಯಾಗ ಇರೋದನ್ನ ಹೇಳಿಕೊಟ್ಟು ಹೋಗತೀನಿ" ಎನ್ನುತ್ತಿದ್ದರು. ಪರೀಕ್ಷೆ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ನಾವು ಮುಂದೂಡುತ್ತಲೇ ಹೋದೆವು. ಒಂದು ದಿನ ಅವರ ಮಗನು ಮಣ್ಣಿನ ಸುದ್ದಿಯನ್ನು ತಂದನು. ಪೆಟ್ಟಿಗೆಯ ಪುಸ್ತಕಗಳಲ್ಲಿರುವ ಮಟ್ಟುಗಳಲ್ಲಿ ಎಷ್ಟನ್ನು ಅವರು ಬಲ್ಲವರಾಗಿದ್ದರೋ, ಈಗ ಕೇಳುವುದು ಯಾರನ್ನು?

ಆದಕಾರಣ ತರುಣರಿಗೆ ಈ ಕಲೆಯನ್ನು ಪರಿಚಯಿಸುವುದೆಂದರೆ ಭಾಷಣ ಮಾಡುವುದಲ್ಲ, ಹಾಡಿಸುವುದು. ಮೊದಲು ಒಂದು ನಾಂದಿಯನ್ನು ಎಲ್ಲರೂ ಕೂಡಿ ಕಲಿಯಲಿ. ಕಂಠಕ್ಕಿಂತ ಮುಂಚೆ ಕಿವಿ ಸಿದ್ಧವಾಗಲಿ. ಆಮೇಲೆ ನಾಟಕದ ಒಂದು ಪ್ರವೇಶವನ್ನು ಗಟ್ಟಿಯಾಗಿ ಓದಲಿ. ಎಲ್ಲಿ ಮಾತು ಸೋಲುವುದು, ಎಲ್ಲಿ ಹಾಡು ಬೇಕಾಗುವುದು ಎಂಬುದನ್ನು ತಾವೇ ಕಂಡುಕೊಳ್ಳಲಿ. ಬಳಿಕ ಬಲ್ಲವರಿಂದ ಒಂದು ಕಂದ, ಒಂದು ಪದವನ್ನು ಧ್ವನಿವರ್ಧಕವಿಲ್ಲದೆ ಹಾಡಲು ಅಭ್ಯಾಸ ಮಾಡಲಿ. ಹುಡುಗರೊಡನೆ ಹುಡುಗಿಯರೂ ಸಮಾನ ಗೌರವದಿಂದ ಕಲಿಯಲಿ. ಓದನ್ನು ಬಿಡಬೇಕಾಗಿಲ್ಲ, ವಾರಕ್ಕೆ ಎರಡು ಸಂಜೆ ಸಾಕು. ಇದು ಆಗದ ಮಾತೇನಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಸಾಣೇಹಳ್ಳಿಯ ಶ್ರೀಮಠದಿಂದ ೧೯೯೭ರಲ್ಲಿ ಶಿವಸಂಚಾರವೆಂಬ ತಿರುಗಾಟದ ತಂಡವು ಹೊರಟಿತು. ಹಳ್ಳಿಯೂ ಮಠವೂ ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದನ್ನು ಇವು ತೋರಿಸಿಕೊಟ್ಟಿವೆ.

ನಮ್ಮಲ್ಲಿಯೂ ಚಿಕ್ಕದೊಂದು ಆರಂಭವಾಗಿದೆ. ಬಹುಕಾಲ ಕಂಪನಿಗಳಲ್ಲಿ ಹಾಡಿ, ಈಗ ಮಗನ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿರುವ ವೃದ್ಧ ತಾಯಿಯೊಬ್ಬರನ್ನು ಶ್ರೀಮಠಕ್ಕೆ ಬರಮಾಡಿಕೊಂಡು, ಪೆಟ್ಟಿಗೆಯ ಪುಸ್ತಕಗಳನ್ನು ಅವರ ಮುಂದೆ ಓದಿಸಿದೆವು. ಅವರಿಗೆ ಅಕ್ಷರ ಬಾರದು. ಒಂದೊಂದು ಮಟ್ಟಿನ ಹೆಸರನ್ನು ಓದಿದಾಗಲೂ ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಿದ್ದರು. ಬಹಳಷ್ಟಕ್ಕೆ, "ಇಲ್ರೀ ಅಜ್ಜಾರ, ಹೋತು" ಎಂದರು. ನಾಲ್ಕಕ್ಕೆ ಮಾತ್ರ ದನಿ ತೆಗೆದು ಹಾಡಿದರು. ಆ ನಾಲ್ಕು ಹಾಡುಗಳನ್ನು ನಮ್ಮ ವಿದ್ಯಾರ್ಥಿಗಳು ಈಗ ಬಲ್ಲರು. ಮೊದಲು ಪ್ರಶ್ನೆ ಕೇಳಿದ ಬಾಲಕನೇ ಎಲ್ಲರಿಗಿಂತ ಮುಂಚೆ ಕಲಿತವನು.

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ, ಸದ್ಭಕ್ತರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಊರಿನಲ್ಲಿ ಪೇಟಿ ನುಡಿಸಿದ, ಬಣ್ಣ ಹಚ್ಚಿದ, ನಾಂದಿ ಹಾಡಿದ ಹಿರಿಯರು ಯಾರಾದರೂ ಇದ್ದರೆ, ಮನೆಯ ಮಕ್ಕಳನ್ನು ಕರೆದುಕೊಂಡು ಅವರ ಬಳಿಗೆ ಹೋಗಿರಿ. ಸನ್ಮಾನದ ಶಾಲನ್ನು ಆಮೇಲೆ ಹೊದಿಸಬಹುದು. ಮೊದಲು ಒಂದು ಹಾಡನ್ನು ಕೇಳಿ ಕಲಿಯಿರಿ. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ನಮ್ಮಂತೆ ಮುಂದೂಡಬೇಡಿರಿ.